ಬಾಡಿಗೆ ಮನೆ ಡೆಪಾಸಿಟ್‌ಗೆ ಮಿತಿ ಹಾಕಿದರೆ ಸಾಕಾ?

ಮನೆ ಹುಡುಕುತ್ತಿರುವವನು:
ಡೆಪಾಸಿಟ್ ಎಷ್ಟು ಕೇಳಬಹುದು ಎಂಬುದಕ್ಕೆ ಕಾನೂನಿನ ಮಿತಿ ಇರಲೇಬೇಕು. ಹಳೇ ಮನೆಯ ಡೆಪಾಸಿಟ್ ಇನ್ನೂ ನನ್ನ ಕೈಸೇರಿಲ್ಲ. ಅಷ್ಟರಲ್ಲೇ ಹೊಸ ಮನೆಗೆ ಮತ್ತೆ ದುಡ್ಡು ಹೊಂದಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈಯಿಂದ ಹೆಚ್ಚಿನ ಓನರ್‌ಗಳು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ.

ಒಂದೇ ಮನೆಯ ಓನರ್:
ಒಂದೇ ತಿಂಗಳಾ? ನಮ್ಮ ಮನೆಯಲ್ಲಿದ್ದವರು ಕೊನೆಯ ತಿಂಗಳು ಬಾಡಿಗೆ ಕೊಡದೆ "ಡೆಪಾಸಿಟ್‌ನಲ್ಲಿ ಮುರಿದುಕೊಳ್ಳಿ" ಅಂದುಬಿಟ್ಟರು. ಹೋದ ಮೇಲೆ ನೋಡಿದರೆ ಸಿಂಕ್ ಒಡೆದಿದೆ, ಕರೆಂಟ್ ಬಿಲ್ಲು ಬಾಕಿ ಇದೆ. ಎಲ್ಲ ನನ್ನ ತಲೆಗೇ ಬಂತು. ಆ ಬಾಡಿಗೆಯಲ್ಲೇ ನಾನು ಸಾಲದ ಕಂತು ಕಟ್ಟುವುದು.

ಕಾನೂನು ಓದಿದವಳು:
ಸರ್, ನಿಮ್ಮ ಕಷ್ಟ ನಿಜ. ನಿಮ್ಮಂಥ ಸಣ್ಣ ಓನರ್‌ಗಳಿಗೆ ಕ್ಯಾಲಿಫೋರ್ನಿಯಾದಲ್ಲೂ ಎರಡು ತಿಂಗಳವರೆಗೆ ಅವಕಾಶ ಇದೆ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಎರಡು ತಿಂಗಳು ಅನ್ನುತ್ತದೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿ.

ನನಗೆ ಹಿಡಿಸಿದ್ದು ಜರ್ಮನಿಯ ಪದ್ಧತಿ. ಮಿತಿ ಮೂರು ತಿಂಗಳು, ಆದರೆ ಮೂರು ಕಂತಿನಲ್ಲಿ ಕೊಡಬಹುದು. ಓನರ್ ಆ ಹಣವನ್ನು ತನ್ನ ದುಡ್ಡಿನ ಜೊತೆ ಬೆರೆಸುವಂತಿಲ್ಲ, ಬೇರೆಯಾಗಿಯೇ ಇಡಬೇಕು. ಬಡ್ಡಿಯೂ ಬಾಡಿಗೆದಾರರದ್ದೇ. ಎಷ್ಟು ತಿಂಗಳು ಅನ್ನುವುದಕ್ಕಿಂತ ಹಣ ಎಲ್ಲಿರುತ್ತದೆ ಅನ್ನುವುದೇ ಮುಖ್ಯ ಅಲ್ವಾ? ಓನರ್ ಖರ್ಚು ಮಾಡಿಬಿಟ್ಟಿದ್ದರೆ ಬಿಡುವ ದಿನ ವಾಪಸ್ ಕೊಡುವುದೆಲ್ಲಿಂದ?

ಒಂದೇ ಮನೆಯ ಓನರ್:
ಬೇರೆ ಇಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಾಳು ಮಾಡಿದ್ದು ಅವರೇ ಎಂದು ತೋರಿಸುವುದು ಹೇಗೆ?

ಹಳೇ ಬಾಡಿಗೆದಾರ:
ಕೀ ಕೊಡುವ ದಿನವೇ ಇಬ್ಬರೂ ಕೋಣೆ ಕೋಣೆ ನೋಡಿ, ಫೋಟೋ ತೆಗೆದು, ಪಟ್ಟಿ ಮಾಡಿ ಸಹಿ ಹಾಕಬೇಕು. ಬಿಡುವ ದಿನ ಅದೇ ಪಟ್ಟಿ ಹಿಡಿದು ಮತ್ತೆ ನೋಡಬೇಕು. ವರ್ಷಗಟ್ಟಲೆ ವಾಸ ಮಾಡಿದರೆ ಬಣ್ಣ ಮಂಕಾಗುವುದು ಸಹಜ, ಅದಕ್ಕೆ ದುಡ್ಡು ಮುರಿಯಬಾರದು. ಬಾಗಿಲು ಒಡೆದಿದ್ದರೆ ಮುರಿಯಲಿ, ಬಿಲ್ಲು ತೋರಿಸಲಿ. ನ್ಯೂಯಾರ್ಕ್‌ನಲ್ಲಿ ಮನೆ ಬಿಟ್ಟ 14 ದಿನದೊಳಗೆ ಓನರ್ ಲೆಕ್ಕ ಕೊಡದಿದ್ದರೆ ಡೆಪಾಸಿಟ್‌ನಲ್ಲಿ ಏನನ್ನೂ ಇಟ್ಟುಕೊಳ್ಳುವ ಹಕ್ಕಿಲ್ಲ.

ಒಂದೇ ಮನೆಯ ಓನರ್:
14 ದಿನ ತೀರಾ ಕಮ್ಮಿ. ಪ್ಲಂಬರ್ ಬಂದು ನೋಡುವಷ್ಟರಲ್ಲೇ ಮುಗಿದುಹೋಗುತ್ತದೆ. ಲೆಕ್ಕ ಕೊಡಲು ಒಂದು ತಿಂಗಳು ಬಿಡಲಿ, ಎರಡು ತಿಂಗಳ ಡೆಪಾಸಿಟ್‌ಗೆ ನಾನು ಒಪ್ಪುತ್ತೇನೆ.

ಮನೆ ಹುಡುಕುತ್ತಿರುವವನು:
ಕಂತಿನಲ್ಲಿ ಕೊಡಬಹುದು ಅಂದರೆ ನಾನೂ ಎರಡು ತಿಂಗಳಿಗೆ ಒಪ್ಪುತ್ತೇನೆ. ಲೆಕ್ಕಕ್ಕೆ ಒಂದು ತಿಂಗಳು ಮಾತ್ರ ಒಪ್ಪಲಾರೆ ಸರ್. ಆ ದುಡ್ಡು ಬರದೆ ನಾನು ಮುಂದಿನ ಮನೆಗೆ ಹೋಗುವುದು ಹೇಗೆ?