ಮೌರೆಟೇನಿಯಾ ಮಾಡೆಲ್: ನಾಲ್ಕನೇ ಚಿಮಣಿ ಡಮ್ಮಿಯಾ?

ಕುದ್ರೋಳಿ_ಪ್ಲೈವುಡ್:
ಕಾಲೇಜು ಎಕ್ಸಿಬಿಷನ್‌ಗೆ 1907ರ ಮೌರೆಟೇನಿಯಾ ಹಡಗಿನ 1:200 ಮಾಡೆಲ್ ಆಗಬೇಕು. ಅಸಲಿನ ಉದ್ದ 790 ಅಡಿ, ಮಾಡೆಲ್ 120 ಸೆಂ.ಮೀ. ಬರುತ್ತದೆ. ಟೈಟಾನಿಕ್‌ನ ಹಾಗೆ ಇದರ ನಾಲ್ಕನೇ ಚಿಮಣಿಯೂ ಡಮ್ಮಿಯಾ? ಫ್ಯಾನಿಗೆ (ನೀರು ತಳ್ಳುವ ಪ್ರೊಪೆಲ್ಲರ್) ರೆಕ್ಕೆ ಎಷ್ಟು? ಒಂದು ಕಡೆ ಮೂರು ಅಂತ ಉಂಟು, ಇನ್ನೊಂದು ಕಡೆ ನಾಲ್ಕು.

ಪಣಂಬೂರು_ಬಾಯ್ಲರ್:
ನಾಲ್ಕೂ ಅಸಲಿ ಮಾರಾಯ್ರೆ, ಹೊಗೆ ಬಿಡಿ. ನಾಲ್ಕು ಬಾಯ್ಲರ್ ರೂಮ್, ಒಂದೊಂದಕ್ಕೆ ಒಂದು ಚಿಮಣಿ. ಬಾಯ್ಲರ್ 25: ಎರಡೂ ತುದಿಯಲ್ಲಿ ಬೆಂಕಿ ಹಾಕುವಂಥದ್ದು 23, ಒಂದೇ ತುದಿಯದ್ದು 2. ಒಟ್ಟು ಒಲೆ 192. ಪೂರ್ತಿ ವೇಗದಲ್ಲಿ ದಿನಕ್ಕೆ ಸುಮಾರು 1000 ಟನ್ ಕಲ್ಲಿದ್ದಲು, ಅಷ್ಟೂ ಸಲಿಕೆಯಲ್ಲೇ. ಟೈಟಾನಿಕ್‌ನ ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲಿಕ್ಕೆ ಇದ್ದದ್ದು.

ಮಲ್ಪೆ_ಶಾಫ್ಟ್:
ಫ್ಯಾನ್ ನಾಲ್ಕು. 1907ಕ್ಕೆ ಮೂರು ರೆಕ್ಕೆಯದ್ದೇ ಸರಿ, ನಾಲ್ಕು ರೆಕ್ಕೆಯದ್ದು 1909ರಲ್ಲಿ ಬಂತು. ನೀವು ನೋಡಿದ್ದು ಎರಡೂ ಸುಳ್ಳಲ್ಲ, ಕಾಲ ಬೇರೆ.

ಫ್ಯಾನಿನ ತೊಂದರೆಯ ಮೂಲ ಗೇರ್‌ಬಾಕ್ಸ್ ಇಲ್ಲದ್ದು. ನಮ್ಮ ಟ್ರಾಲ್ ಬೋಟಿನಲ್ಲಿ ಇಂಜಿನ್‌ಗೂ ಫ್ಯಾನಿಗೂ ನಡುವೆ ಗೇರ್ ಉಂಟಲ್ಲ, ಅಲ್ಲಿ ಹಬೆಯಿಂದ ತಿರುಗುವ ಪಾರ್ಸನ್ಸ್ ಟರ್ಬೈನ್ ನೇರ ಶಾಫ್ಟಿಗೇ. ಟರ್ಬೈನ್ ಜೋರಾಗಿ ತಿರುಗಿದಷ್ಟೂ ಹಬೆ ಉಳಿತಾಯ, ಫ್ಯಾನ್ ನಿಧಾನಕ್ಕೆ ತಿರುಗಿದರೇ ನೀರು ಸರಿಯಾಗಿ ತಳ್ಳುವುದು. ಫ್ಯಾನ್ ಅತಿ ಜೋರಾದರೆ ರೆಕ್ಕೆಯ ಬೆನ್ನಿನಲ್ಲಿ ನೀರು ಆವಿಗುಳ್ಳೆಯಾಗಿ ಒಡೆಯುತ್ತದೆ. ತಳ್ಳುವ ಬಲ ಹೋಯಿತು, ಲೋಹವೂ ತಿಂದುಹೋಯಿತು. ಎರಡಕ್ಕೂ ನಡುವೆ, ನಿಮಿಷಕ್ಕೆ ಸುಮಾರು 180 ಸುತ್ತಿಗೆ ರಾಜಿ ಮಾಡಿಕೊಂಡರು. ಟರ್ಬೈನ್ ಅಷ್ಟು ದೊಡ್ಡದಾದದ್ದು ಹಾಗಾಗಿ.

ಮೋಟಾರ್ ಕೂರಿಸುವುದಾದರೆ ಇನ್ನೊಂದು: ಹೊರಗಿನ ಎರಡು ಶಾಫ್ಟಿಗೆ ಹೆಚ್ಚು ಒತ್ತಡದ ಟರ್ಬೈನ್, ಒಳಗಿನ ಎರಡಕ್ಕೆ ಕಡಿಮೆ ಒತ್ತಡದ್ದು. ರಿವರ್ಸ್ ಟರ್ಬೈನ್ ಒಳಗಿನವಕ್ಕೆ ಮಾತ್ರ. ನಾಲ್ಕನ್ನೂ ಹಿಂದಕ್ಕೆ ತಿರುಗಿಸಿದರೆ ಗೊತ್ತಿದ್ದವರು ಹಿಡಿಯುತ್ತಾರೆ.

ಕುದ್ರೋಳಿ_ಪ್ಲೈವುಡ್:
ಉಪಕಾರ ಆಯ್ತು. ಇದರ ಜೋಡಿ ಹಡಗು ಲುಸಿಟೇನಿಯಾದ ಕಿಟ್ ಸಿಕ್ಕಿದರೆ ಅದನ್ನೇ ಬಳಸಬಹುದಾ?

ಪಣಂಬೂರು_ಬಾಯ್ಲರ್:
ಹಲ್ (ಹಡಗಿನ ಒಡಲು) ಸಾಧಾರಣ ಹೊಂದೀತು, ಡೆಕ್ ಮೇಲೆ ಸಿಕ್ಕಿಬೀಳುತ್ತೀರಿ. ಮೌರೆಟೇನಿಯಾದ ಗಾಳಿಕೊಳವೆಗಳು ಬಾಯಿ ಅಗಲಿಸಿ ಬಗ್ಗಿದ ದೊಡ್ಡ ತುತ್ತೂರಿಗಳು, ಚಿಮಣಿಗಳ ಸುತ್ತ ರಾಶಿ ರಾಶಿ. ಲುಸಿಟೇನಿಯಾದಲ್ಲಿ ಮುಚ್ಚಳದ ಡಬ್ಬಿಯಂಥವು. ಅವನ್ನು ಮಾತ್ರ ಕೈಯಲ್ಲೇ ಮಾಡಿ, ಬೇಸರ ಬರುವ ಕೆಲಸ.

ಬಣ್ಣ: ಹಲ್ ಕಪ್ಪು, ಚಿಮಣಿ ಕಿತ್ತಳೆ ಮಿಶ್ರಿತ ಕೆಂಪು, ತುದಿ ಕಪ್ಪು. ಬಿಳಿ ಹಲ್‌ನ ಫೋಟೊ ನೋಡಿ ಪೇಂಟ್ ತರಬೇಡಿ, ಅದು 1930ರ ದಶಕದ ವಿಹಾರಯಾನದ ಕಾಲದ್ದು. ಅಷ್ಟರಲ್ಲಿ ಕಲ್ಲಿದ್ದಲೂ ಹೋಗಿತ್ತು: 1921ರಲ್ಲಿ ಸೌತಾಂಪ್ಟನ್‌ನಲ್ಲಿ ಬೆಂಕಿ ಬಿದ್ದ ಮೇಲಿನ ರಿಪೇರಿಯಲ್ಲಿ ಎಣ್ಣೆಗೆ ಬದಲಾಯಿಸಿದರು.