ರಿಲೀಸ್ ಹತ್ತಿರ ಬಂದಾಗ ಡಿಪೆಂಡೆನ್ಸಿ ಮುಟ್ಟಬೇಕೋ, ಬೇಡವೋ?

ಪ್ರಶ್ನೆ

ನಾವು ಐದು ಜನ ಸೇರಿ ಒಂದು ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ನೋಡಿಕೊಳ್ಳುತ್ತಿದ್ದೇವೆ. ಸೆನ್ಸರ್‌ಗಳ ಡೇಟಾ ಓದಿ, ಲೆಕ್ಕ ಹಾಕಿ, ಟೆಕ್ಸ್ಟ್ ಫೈಲ್‌ಗೆ ಬರೆಯುವುದು ಅದರ ಕೆಲಸ. ಎಲ್ಲರಿಗೂ ಬೇರೆ ಬೇರೆ ನೌಕರಿ ಇದೆ. ಇದಕ್ಕೆ ಸಿಗುವುದು ರಾತ್ರಿ ಹೊತ್ತು ಮತ್ತು ರಜೆಯ ದಿನ ಮಾತ್ರ. ಫೆಬ್ರವರಿ, ಜೂನ್, ಅಕ್ಟೋಬರ್ ಅಂತ ವರ್ಷಕ್ಕೆ ಮೂರು ರಿಲೀಸ್ ಮಾಡುತ್ತೇವೆ.

ರಿಲೀಸ್‌ಗೆ ಮೂರು ವಾರ ಇರುವಾಗ ಯಾವ ಡಿಪೆಂಡೆನ್ಸಿಯನ್ನೂ (ನಮ್ಮ ಕೋಡ್ ನೆಚ್ಚಿಕೊಂಡ ಬೇರೆಯವರ ಲೈಬ್ರರಿ) ಮುಟ್ಟಬಾರದು ಅಂತ ನಮ್ಮಲ್ಲಿ ಒಂದು ನಿಯಮ. ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ಆದರೆ ರಿಲೀಸ್ ಆದ ಮೇಲೆ ಎಲ್ಲರಿಗೂ ಸುಸ್ತು. ಆಮೇಲೆ ಹೊಸ ಫೀಚರ್‌ಗಳ ಕೆಲಸ ಶುರುವಾಗುತ್ತದೆ. ಅಷ್ಟರಲ್ಲಿ ಮತ್ತೆ ಆ ಮೂರು ವಾರ ಬಂದೇ ಬಿಡುತ್ತದೆ. ಹೀಗಾಗಿ ಡಿಪೆಂಡೆನ್ಸಿಗಳ ಹೊಸ ಆವೃತ್ತಿ ಬಂದಾಗ ಬಾಟ್ ತಾನಾಗೇ ತೆರೆದಿಟ್ಟ 23 ಪುಲ್ ರಿಕ್ವೆಸ್ಟ್‌ಗಳು (ಕೋಡ್ ಬದಲಿಸುವ ಕೋರಿಕೆಗಳು) ಹಾಗೇ ಉಳಿದವು.

2024ರ ಜೂನ್ 16ಕ್ಕೆ, ನಾವು ಲೆಕ್ಕಕ್ಕೆ ಬಳಸುವ ಲೈಬ್ರರಿಯಾದ ನಂಪೈನ 2.0 ಬಂತು. ನಾಲ್ಕು ದಿನ ಬಿಟ್ಟು ನಾವು ನಮ್ಮ ಲೈಬ್ರರಿಯ 0.14.0 ಬಿಟ್ಟೆವು. ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ವ್ಯವಸ್ಥೆ) ಎಲ್ಲ ಹಸಿರು, ಅಂದರೆ ಪಾಸ್. ಮಾರನೇ ದಿನ ಒಬ್ಬರು ಒಂದು ಇಶ್ಯೂ ಹಾಕಿದರು. ಫೈಲ್‌ನಲ್ಲಿ 3.5 ಅಂತ ಇರಬೇಕಾದ ಕಡೆ ‘ಎನ್‌ಪಿ.ಫ್ಲೋಟ್64(3.5)’ ಅಂತ ಬಂದಿತ್ತು. ಒಂದು ಸಾಲಲ್ಲ, ಇಡೀ ಫೈಲ್ ಹಾಗೇ. ಎರರ್ ಏನೂ ಇಲ್ಲ, ಪ್ರೋಗ್ರಾಂ ಪೂರ್ತಿ ಓಡಿ ಮುಗಿದಿತ್ತು. ಆ ಫೈಲ್ ಓದಬೇಕಾದ ಮುಂದಿನ ಪ್ರೋಗ್ರಾಂ ನಿಂತುಹೋದಾಗಲೇ ಅವರಿಗೆ ಗೊತ್ತಾಗಿದ್ದು. ಇದು ನಂಪೈನವರ ತಪ್ಪಲ್ಲ. ಬದಲಾವಣೆ ಅವರ ರಿಲೀಸ್ ನೋಟ್ಸ್‌ನಲ್ಲೇ ಇತ್ತು. ನಾವು ಓದಿರಲಿಲ್ಲ.

ಗಾಬರಿಯಲ್ಲಿ ‘ನಂಪೈ 2ಕ್ಕಿಂತ ಕೆಳಗೆ’ ಅಂತ ಮಿತಿ ಹಾಕಿ 0.14.1 ಬಿಟ್ಟೆವು. ಈಗ ಕೆಲವರಿಗೆ 0.14.1 ಬದಲು ಮತ್ತೆ ಆ ಕೆಟ್ಟ 0.14.0 ಇನ್‌ಸ್ಟಾಲ್ ಆಗುತ್ತಿದೆ. ಯಾಕೆ ಅಂತ ತಿಳಿಯುತ್ತಿಲ್ಲ. ಈಗ 2024ರ ಆಗಸ್ಟ್, ಅಕ್ಟೋಬರ್ ರಿಲೀಸ್‌ಗೆ ಎರಡು ತಿಂಗಳಿದೆ. ಮಿತಿ ಹಾಕಿದ್ದು ತಪ್ಪಾ? ಅಪ್‌ಗ್ರೇಡ್ ಯಾವಾಗ ಮಾಡಬೇಕು?

ಉತ್ತರ 1

ನಾನೂ ಇಂಥದ್ದೇ ಒಂದು ಲೈಬ್ರರಿಯನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಹಾಗೇ ‘ಮೂರು ವಾರ ಮುಟ್ಟಬಾರದು’ ಅಂತ ನಾವೂ ಮಾಡಿ ಪೆಟ್ಟು ತಿಂದಿದ್ದೇವೆ.

ಮೊದಲು 0.14.0 ವಿಷಯ. ಬಳಸುವವರ ಪಟ್ಟಿಯಲ್ಲಿ ನಂಪೈ 2 ಬೇಕೇ ಬೇಕು ಅನ್ನುವ ಇನ್ನೊಂದು ಲೈಬ್ರರಿ ಇದೆ ಅಂದುಕೊಳ್ಳಿ. ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಮೊದಲು ನಿಮ್ಮ 0.14.1 ನೋಡುತ್ತದೆ. ಅದು ನಂಪೈ 2 ಬೇಡ ಅನ್ನುತ್ತದೆ, ಎರಡಕ್ಕೂ ಹೊಂದುವುದಿಲ್ಲ. ಆಗ ಪಿಪ್ ಸೋತು ಕೂರುವುದಿಲ್ಲ, ಒಂದು ಹೆಜ್ಜೆ ಹಿಂದೆ ಹೋಗಿ 0.14.0 ನೋಡುತ್ತದೆ. ಅದರಲ್ಲಿ ಮಿತಿಯೇ ಇಲ್ಲ! ಸಿಕ್ಕಿತು ಅಂತ ಅದನ್ನೇ ಹಾಕುತ್ತದೆ. ಅಂದರೆ ನೀವು ಹಾಕಿದ ಮಿತಿಯೇ ಅವರನ್ನು ಕೆಟ್ಟ ಆವೃತ್ತಿಗೆ ತಳ್ಳುತ್ತಿದೆ. 0.14.0 ಅನ್ನು ಯ್ಯಾಂಕ್ ಮಾಡಿದರೂ (ಪಿಪ್ ತಾನಾಗಿ ಆರಿಸದಂತೆ ಗುರುತು ಹಾಕಿದರೂ) ಪೂರ್ತಿ ಪರಿಹಾರ ಆಗುವುದಿಲ್ಲ, ಪಿಪ್ ಅದರ ಹಿಂದಿನ 0.13ಕ್ಕೆ ಹೋಗುತ್ತದೆ. ಅಲ್ಲೂ ಮಿತಿ ಇಲ್ಲ, ಅಲ್ಲೂ ಅದೇ ಕೋಡ್ ಇರುತ್ತದೆ.

ಫೈಲ್ ಬರೆಯುವ ಕಡೆ ನೀವು ‘ರೆಪ್ರ್’ (ಮೌಲ್ಯವನ್ನು ಪಠ್ಯವಾಗಿಸುವ ಪೈಥಾನ್ ಫಂಕ್ಷನ್) ಕರೆಯುತ್ತಿದ್ದೀರಿ ಅನ್ನಿಸುತ್ತದೆ. ಸಂಖ್ಯೆಯನ್ನು ಮೊದಲು ಪೈಥಾನ್‌ನ ಮಾಮೂಲಿ ಫ್ಲೋಟ್ ಮಾಡಿಕೊಂಡು ಬರೆಯಿರಿ. ಒಂದೇ ಸಾಲಿನ ಬದಲಾವಣೆ. ಆಮೇಲೆ ಮಿತಿ ತೆಗೆದು 0.14.2 ಬಿಡಿ. ಎಲ್ಲರಿಗೂ ಅದೇ ಸಿಗುತ್ತದೆ. ಇದಕ್ಕೆ ಅಕ್ಟೋಬರ್‌ವರೆಗೆ ಕಾಯಬೇಡಿ, ಈ ವಾರವೇ ಮಾಡಿ.

ಈಗ ದೊಡ್ಡ ವಿಷಯ. ನಿಮ್ಮ ಸಿಐ ಲಾಕ್ ಫೈಲ್ (ಪ್ರತಿ ಡಿಪೆಂಡೆನ್ಸಿಯ ಯಾವ ಆವೃತ್ತಿ ಅಂತ ಬರೆದಿಟ್ಟ ಪಟ್ಟಿ) ನೋಡಿ ಹಳೆಯ ನಂಪೈ ಹಾಕಿಕೊಂಡಿರಬೇಕು, ಅದಕ್ಕೇ ಹಸಿರು. ಬಳಸುವವರ ಹತ್ತಿರ ನಿಮ್ಮ ಲಾಕ್ ಫೈಲ್ ಇರುವುದಿಲ್ಲ. ಅವರಿಗೆ ಆ ದಿನದ ಹೊಸದು ಸಿಗುತ್ತದೆ. ಆ ಮೂರು ವಾರ ನೀವು ನಿಲ್ಲಿಸಿದ್ದು ನಿಮ್ಮ ಗಡಿಯಾರವನ್ನು ಮಾತ್ರ. ಒಂದು ವೆಬ್‌ಸೈಟನ್ನೋ ಸರ್ವರನ್ನೋ ನಡೆಸುವವರಿಗೆ ಲಾಕ್ ಫೈಲ್ ಸಾಕು, ಓಡುವುದೇ ಅದು. ಲೈಬ್ರರಿ ಬರೆಯುವವರಿಗೆ ಸಾಲದು.

ನಾವು ಸಿಐನಲ್ಲಿ ಮೂರು ಜಾಬ್ ಇಟ್ಟಿದ್ದೇವೆ. ಒಂದು, ಲಾಕ್ ಫೈಲ್‌ನದು. ಇನ್ನೊಂದು, ನಾವು ‘ಇದರಿಂದ ಮೇಲೆ ನಡೆಯುತ್ತದೆ’ ಅಂತ ಹೇಳಿಕೊಂಡ ಅತಿ ಹಳೆಯ ಆವೃತ್ತಿಗಳದು. ಮೂರನೆಯದು ಪ್ರತಿ ರಾತ್ರಿ ಓಡುವುದು. ಅದು ಪಿಪ್‌ಗೆ ‘ಪ್ರಿ’ ಆಯ್ಕೆ ಕೊಟ್ಟು ಆರ್‌ಸಿಗಳನ್ನೂ (ಅಂತಿಮ ರಿಲೀಸ್‌ಗೆ ಮೊದಲು ಬರುವ ಪರೀಕ್ಷಾ ಆವೃತ್ತಿಗಳು) ಹಾಕಿಕೊಳ್ಳುತ್ತದೆ. ಈ ಮೂರನೆಯದು ಕೆಂಪಾದರೆ ಮರ್ಜ್ (ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸುವುದು) ನಿಲ್ಲಿಸುವುದಿಲ್ಲ. ಒಂದು ಇಶ್ಯೂ ತಾನಾಗೇ ತೆರೆದುಕೊಳ್ಳುತ್ತದೆ, ಅಷ್ಟೇ. ನಂಪೈ 2.0ದ ಮೊದಲ ಆರ್‌ಸಿ ಎರಡು ತಿಂಗಳಿಗೂ ಮೊದಲೇ ಬಂದಿತ್ತು. ನಿಮ್ಮಲ್ಲಿ ಈ ಜಾಬ್ ಇದ್ದು, ಬರೆದ ಫೈಲನ್ನು ಅಕ್ಷರ ಅಕ್ಷರ ಹೋಲಿಸುವ ಒಂದು ಟೆಸ್ಟ್ ಇದ್ದಿದ್ದರೆ, ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು. ಆ ಟೆಸ್ಟ್ ಇಲ್ಲದೆ ಜಾಬ್ ಒಂದೇ ಇದ್ದರೆ ಪ್ರಯೋಜನ ಇಲ್ಲ, ಇದನ್ನು ಮರೆಯಬೇಡಿ.

ಅಪ್‌ಗ್ರೇಡ್‌ಗೆ ಒಳ್ಳೆಯ ಹೊತ್ತು ರಿಲೀಸ್ ಆದ ಮರುವಾರ. ಸುಸ್ತು ಇರುತ್ತದೆ, ಒಪ್ಪುತ್ತೇನೆ. ಅದಕ್ಕೇ ನಾವು ರಿಲೀಸ್ ಮಾಡಿದವರಿಗೆ ಆ ವಾರ ರಜೆ ಕೊಟ್ಟು, ಇನ್ನೊಬ್ಬರಿಗೆ ಈ ಕೆಲಸ ವಹಿಸುತ್ತೇವೆ. ಲಿಂಟರ್, ಫಾರ್ಮ್ಯಾಟರ್ ಥರದ, ಕೋಡನ್ನು ತಪಾಸಿಸಿ ಒಪ್ಪ ಮಾಡುವ ಸಾಧನಗಳು ಎಲ್ಲ ಸೇರಿ ಒಂದೇ ಪುಲ್ ರಿಕ್ವೆಸ್ಟ್. ನಂಪೈ ಥರದವು ಒಂದಕ್ಕೊಂದು ಬೇರೆ, ಒಂದು ಮರ್ಜ್ ಆದ ಮೇಲೆ ಇನ್ನೊಂದು. ಮುಂದೆ ಏನಾದರೂ ಮುರಿದರೆ ಗಿಟ್ ಬೈಸೆಕ್ಟ್ (ಯಾವ ಬದಲಾವಣೆಯಿಂದ ಮುರಿಯಿತು ಅಂತ ಹುಡುಕುವ ಸಾಧನ) ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. 23ನ್ನೂ ಒಟ್ಟಿಗೆ ಮರ್ಜ್ ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ.

ತಾರೀಖು ಮಾತ್ರ ಜರುಗಿಸಬೇಡಿ. ಲಿನಕ್ಸ್ ಕರ್ನಲ್‌ನಲ್ಲಿ ಎರಡು ವಾರ ಮರ್ಜ್ ವಿಂಡೋ (ಹೊಸ ಫೀಚರ್ ಸೇರಿಸುವ ಅವಧಿ), ಆಮೇಲೆ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ ಆರ್‌ಸಿ 7 ಆದ ಮೇಲೆ ರಿಲೀಸ್. ವಿಂಡೋ ತಪ್ಪಿದ ಫೀಚರ್ ಮುಂದಿನ ಸಲಕ್ಕೆ ಕಾಯುತ್ತದೆ. ಮುಗಿಯದ ಅಪ್‌ಗ್ರೇಡನ್ನೂ ಹಾಗೇ ಮುಂದಿನ ರಿಲೀಸ್‌ಗೆ ಬಿಡಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನದೂ ಹೂಂ, ಆದರೆ ಸೆಕ್ಯುರಿಟಿ ಪ್ಯಾಚ್‌ಗೆ ಈ ವೇಳಾಪಟ್ಟಿ ಹೊಂದುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌4ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ಲೋಪ ಸಿಕ್ಕಿದ್ದು ನೆನಪಿದೆಯಾ? 2.15.0 ಬಂತು, ಅದು ಸಾಲದು ಅಂತ 2.16.0, ಆಮೇಲೆ 2.17.0, ಎಲ್ಲ ಆ ಒಂದೇ ತಿಂಗಳಲ್ಲಿ. ‘ಮುಂದಿನ ರಿಲೀಸ್‌ನಲ್ಲಿ ನೋಡೋಣ’ ಅಂತ ಕೂರುವ ಹಾಗಿರಲಿಲ್ಲ. ಅದಕ್ಕೆ ಕೊನೆಯ ರಿಲೀಸ್‌ನಿಂದ ತೆಗೆದ ಒಂದು ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ಯಾವಾಗಲೂ ಸಿದ್ಧ ಇರಲಿ. ಪ್ಯಾಚ್ ಅಲ್ಲಿ ಹಾಕಿ ಅದೇ ದಿನ ಬಿಡಬಹುದು. ಮುಖ್ಯ ಬ್ರಾಂಚ್‌ನಲ್ಲಿ ಅರ್ಧ ಆದ ಕೆಲಸ ಅಡ್ಡ ಬರುವುದಿಲ್ಲ.

ಉಳಿದವಕ್ಕೆ ಅವಸರ ಬೇಡ. 2024ರಲ್ಲಿ, ಫೈಲ್ ಕುಗ್ಗಿಸುವ ಸಾಧನವಾದ ಎಕ್ಸ್‌ಜೆಡ್ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸೇರಿಸಿದ್ದು ಮಾರ್ಚ್ 29ಕ್ಕೆ ಬಯಲಾಯಿತು. ಮೊದಲನೆಯದು ಫೆಬ್ರವರಿಯಲ್ಲೇ ಹೊರಬಂದಿತ್ತು. ಬಂದ ಕೂಡಲೇ ಹಾಕಿಕೊಂಡವರಿಗೆ ತೊಂದರೆ, ನಿಧಾನವಾಗಿ ಸಾಗುವ ಸ್ಥಿರ ಲಿನಕ್ಸ್ ಡಿಸ್ಟ್ರೋಗಳಲ್ಲಿದ್ದವರು ಬಚಾವಾದರು. ಅಪ್‌ಗ್ರೇಡ್ ಪುಲ್ ರಿಕ್ವೆಸ್ಟ್ ತೆರೆಯುವ ಬಾಟ್ ಆದ ರೆನೋವೇಟ್‌ನಲ್ಲಿ, ಹೊಸ ಆವೃತ್ತಿ ಬಂದು ಇಷ್ಟು ದಿನ ಕಾಯಬೇಕು ಅನ್ನುವ ಮಿನಿಮಮ್ ರಿಲೀಸ್ ಏಜ್ ಅಂತ ಒಂದು ಸೆಟ್ಟಿಂಗ್ ಇದೆ. ನಾನು ಹತ್ತು ದಿನ ಇಟ್ಟಿದ್ದೇನೆ.

ಉತ್ತರ 3

ಹಳೆಯ ಆವೃತ್ತಿಗಳ ಬೆಂಬಲ ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಈಗಲೇ ತೀರ್ಮಾನ ಮಾಡಿಬಿಡಿ. ನಮ್ಮಲ್ಲಿ ಜಾಸ್ತಿ ಜಗಳ ಆಗುತ್ತಿದ್ದದ್ದೇ ಅದಕ್ಕೆ. ಸೈಂಟಿಫಿಕ್ ಪೈಥಾನ್‌ನವರ ಸ್ಪೆಕ್ 0 ಅಂತ ಒಂದು ಶಿಫಾರಸು ಇದೆ: ಒಂದು ಪೈಥಾನ್ ಆವೃತ್ತಿ ಬಂದು 3 ವರ್ಷ, ನಂಪೈನಂಥ ಮುಖ್ಯ ಪ್ಯಾಕೇಜ್‌ಗಳಾದರೆ 2 ವರ್ಷ, ಆಮೇಲೆ ಬೆಂಬಲ ಬಿಡಬಹುದು. ಅದನ್ನು ಒಪ್ಪಿಕೊಂಡ ಮೇಲೆ ಪ್ರತಿ ಸಲ ಚರ್ಚೆ ಮಾಡುವುದು ತಪ್ಪಿತು.

ಇನ್ನೊಂದು. ಹೊಸ ಪೈಥಾನ್ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ. 3.13ರ ಮೊದಲ ಆರ್‌ಸಿ 2024ರ ಆಗಸ್ಟ್ ಮೊದಲಲ್ಲೇ ಬಂತು. ನಿಮ್ಮ ರಿಲೀಸ್ ಅಕ್ಟೋಬರ್ ಮೊದಲ ವಾರದಲ್ಲಿದ್ದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ, ಅದರ ಬೆಂಬಲವನ್ನೂ ಸೇರಿಸಿಯೇ ಬಿಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ‘ರೆಪ್ರ್’ ಕರೆಯುತ್ತಿದ್ದೆವು. ನಿನ್ನೆ ರಾತ್ರಿ 0.14.2 ಬಿಟ್ಟೆವು, ಮಿತಿ ತೆಗೆದೆವು, 0.14.0 ಯ್ಯಾಂಕ್ ಮಾಡಿದೆವು. ಇಶ್ಯೂ ಹಾಕಿದವರು ಬೆಳಿಗ್ಗೆಯೇ ಪರೀಕ್ಷಿಸಿ ಸರಿಯಾಗಿದೆ ಅಂದರು. ರಿಲೀಸ್ ಅಕ್ಟೋಬರ್ ಕೊನೆಯ ವಾರಕ್ಕೆ ಹೋಯಿತು. ಅದರ ಮರುವಾರದ ಅಪ್‌ಗ್ರೇಡ್ ಕೆಲಸವನ್ನು ನಾನೇ ತೆಗೆದುಕೊಂಡಿದ್ದೇನೆ.

ಮೂರು ಜಾಬ್‌ಗಳನ್ನೂ ಹಾಕಿದೆ. ರಾತ್ರಿಯ ಜಾಬ್ ಕೆಂಪಾಗಬಹುದು ಅಂದುಕೊಂಡಿದ್ದೆ, ಕೆಂಪಾಗಿದ್ದು ಹಳೆಯ ಆವೃತ್ತಿಗಳ ಜಾಬ್. ನಂಪೈ 1.19ರಿಂದ ಮೇಲೆ ನಡೆಯುತ್ತದೆ ಅಂತ ಬರೆದುಕೊಂಡಿದ್ದೆವು. ಆದರೆ ಒಂದು ಕಡೆ ನಂಪೈನ ‘ಸ್ಲೈಡಿಂಗ್ ವಿಂಡೋ ವ್ಯೂ’ ಅನ್ನುವ ಫಂಕ್ಷನ್ ಬಳಸಿದ್ದೇವೆ, ಅದು ಬಂದಿದ್ದೇ 1.20ರಲ್ಲಿ. ಸ್ಪೆಕ್ 0 ಪ್ರಕಾರ ಈ ಎರಡನ್ನೂ ಬಿಟ್ಟು ಮುಂದೆ ಬರಬೇಕು. ಯಾವ ಆವೃತ್ತಿಯಿಂದ ಶುರು ಮಾಡುವುದು ಅಂತ ಲೆಕ್ಕ ಹಾಕಿ ಈಗಲೇ ಪುಲ್ ರಿಕ್ವೆಸ್ಟ್ ಹಾಕುತ್ತಿದ್ದೇನೆ.