ಕಚೇರಿಯ ಮೇಲೆ ಜನರ ನಂಬಿಕೆ ಮರಳಬೇಕಾದರೆ ಕೆಳಹಂತದ ನೌಕರ ಏನು ಮಾಡಬಹುದು?

ಪ್ರಶ್ನೆ — ಕಂದಾಯ ಇಲಾಖೆಯ ದ್ವಿತೀಯ ದರ್ಜೆ ಸಹಾಯಕ

ತಾಲ್ಲೂಕು ಕಚೇರಿಯೊಂದಕ್ಕೆ ಸೇರಿ ನನಗೆ ಮೂರು ವರ್ಷವಾಯಿತು. ಎರಡು ತಿಂಗಳ ಹಿಂದೆ ವಯಸ್ಸಾದ ರೈತರೊಬ್ಬರು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ತಂದರು. ಕಾಗದಗಳನ್ನು ಬಿಡಿಸಿದಾಗ ಮರಣ ಪ್ರಮಾಣಪತ್ರದ ಮಡಿಕೆಯೊಳಗೆ 500 ರೂಪಾಯಿಯ ಎರಡು ನೋಟುಗಳಿದ್ದವು. ಅಲ್ಲಿಯೇ, ಸಾಲಿನಲ್ಲಿ ನಿಂತಿದ್ದವರೆಲ್ಲರ ಎದುರಿಗೆ ಅವನ್ನು ಹಿಂದಿರುಗಿಸಿದೆ. ಅವರಿಗೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ, ಆದರೆ ಗಾಬರಿಯಾಯಿತು. ಹಣ ಸಾಲದೆಂದೇ ನಾನು ಬೇಡವೆನ್ನುತ್ತಿದ್ದೇನೆ ಎಂದು ತಿಳಿದು, ‘ಉಳಿದದ್ದು ಅಡಿಕೆ ಮಾರಿದ ಮೇಲೆ ತಂದುಕೊಡ್ತೀನಿ ಸ್ವಾಮಿ, ಅರ್ಜಿ ಮಾತ್ರ ಪಕ್ಕಕ್ಕೆ ಇಡಬೇಡಿ’ ಎಂದರು.

ಭ್ರಷ್ಟಾಚಾರ ಏಕಿದೆ ಎಂಬ ಹಳೆಯ ಚರ್ಚೆಯನ್ನು ಮತ್ತೆ ಎತ್ತುವುದು ನನ್ನ ಉದ್ದೇಶವಲ್ಲ. ಲೋಕಾಯುಕ್ತ ಬಂದು ನಾಲ್ಕು ದಶಕವಾಗುತ್ತಿದೆ, ಪಹಣಿ ಗಣಕೀಕರಣವಾಗಿ ಎರಡು ದಶಕ ಕಳೆದಿದೆ, ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆ 2012ರಿಂದ ಇದೆ, ಮಾಹಿತಿ ಹಕ್ಕೂ ಇದೆ. ಇಷ್ಟೆಲ್ಲ ಇದ್ದರೂ ಆ ಹಿರಿಯರು ಮನೆಯಿಂದ ಹೊರಡುವಾಗ ಅರ್ಜಿಯ ಜೊತೆಗೆ ಎರಡು ನೋಟುಗಳನ್ನು ಮಡಿಚಿ ಇಟ್ಟುಕೊಂಡೇ ಬಂದರಲ್ಲ, ಆ ನೋಟುಗಳು ಮನೆಯಲ್ಲೇ ಉಳಿಯಬೇಕಾದರೆ ಕಚೇರಿಯೊಳಗೆ ಬದಲಾಗಬೇಕಾದದ್ದು ಏನು? ಅದರಲ್ಲಿ ನನ್ನಂಥ ಗುಮಾಸ್ತನ ಪಾಲು ಎಷ್ಟು? ಕಚೇರಿಯಲ್ಲಿ ದುಡಿದವರಿಂದಲೂ ಅಲ್ಲಿ ಕಾದು ನಿಂತವರಿಂದಲೂ ಉತ್ತರ ಬಯಸುತ್ತೇನೆ. ನಮ್ಮಲ್ಲಿನ ಹಿರಿಯರನ್ನು ಕೇಳಿದರೆ ‘ಇನ್ನೆರಡು ವರ್ಷ ಹೋಗಲಿ, ಈ ಪ್ರಶ್ನೆ ತಾನಾಗಿಯೇ ಹೋಗುತ್ತದೆ’ ಎನ್ನುತ್ತಾರೆ.

ಉತ್ತರ — ನಿವೃತ್ತ ಶಿರಸ್ತೇದಾರ

ನಾನು ಈ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವನು. ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂದು ಎರಡು ಮೇಣದ ಬತ್ತಿ ಇಟ್ಟುಕೊಂಡಿದ್ದರೆಂಬ ಕಥೆಯನ್ನು ಸೇವೆಗೆ ಸೇರಿದ ದಿನ ನಮಗೂ ಹೇಳಿದ್ದರು. ಅದು ನಿಜವೋ ಕಟ್ಟಿದ್ದೋ, ಅಂಥ ಕಥೆಗಳಿಂದ ಆದ ಹಾನಿಯೊಂದಿದೆ. ಪ್ರಾಮಾಣಿಕತೆ ಎಂದರೆ ಮಹಾಪುರುಷರ ಗುಣ, ನಮ್ಮಂಥವರ ದಿನಚರಿಯಲ್ಲ ಎಂದು ನಾವು ಅದನ್ನು ಎತ್ತಿ ಗೋಡೆಗೆ ತೂಗುಹಾಕಿಬಿಟ್ಟೆವು. ವಿಧಾನಸೌಧದ ಮೇಲೆ ಕೆತ್ತಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತಿಗೂ ಅದೇ ಗತಿಯಾಯಿತು. ದೇವರ ಕೆಲಸವೆಂದ ಮೇಲೆ ಕಾಣಿಕೆ ಇರಲೇಬೇಕಲ್ಲವೇ ಎಂದು ನಗೆಯಾಡುವವರು ನಮ್ಮ ಕಚೇರಿಯಲ್ಲೇ ಇದ್ದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದ: ಹಿಂಬರಹ, ಅಂದರೆ ಅರ್ಜಿ ಏನಾಯಿತು, ಏಕೆ ಎಂದು ಕಚೇರಿ ಅರ್ಜಿದಾರನಿಗೆ ಬರೆದು ಕೊಡುವ ಉತ್ತರ. ಜನ ತಿಳಿದಷ್ಟು ಸಲ ನಾವು ಅರ್ಜಿದಾರನ ಬಳಿ ಹಣ ಕೇಳುವುದಿಲ್ಲ. ಆದರೆ ಜನ ತಿಳಿದಿರುವುದಕ್ಕಿಂತ ಬಹಳ ಹೆಚ್ಚು ಸಲ ನಾವು ಉತ್ತರ ಕೊಡುವುದಿಲ್ಲ. ‘ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ’, ‘ಸರ್ವರ್ ಇಲ್ಲ’, ‘ನಾಳೆ ಬನ್ನಿ’. ಹಿಂದೆ ದೆವ್ವ ಒಳಗೆ ಬಾರದಿರಲೆಂದು ಹಳ್ಳಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ನಾವು ಅದನ್ನು ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ಮನುಷ್ಯರಿಗೆ ಬಾಯಲ್ಲೇ ಹೇಳಿದೆವು. ಕಾರಣ ತಿಳಿಯದೆ ಮೂರು ಸಲ ತಿರುಗಿದವನು ಕಾರಣವನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ, ಆ ಕಲ್ಪನೆಗೆ ಬೆಲೆ ಕಟ್ಟಿಕೊಡಲು ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಮಧ್ಯವರ್ತಿ ಕುಳಿತೇ ಇರುತ್ತಾನೆ.

ವ್ಯವಸ್ಥೆಯಿಂದ ಬದಲಾವಣೆ ಆಗಲೇ ಇಲ್ಲವೆಂದು ಹೇಳಲಾರೆ. ಪಹಣಿಯನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಬರುವ ಮೊದಲು ಪಹಣಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಅವರು ಸಿಕ್ಕ ದಿನ ಸಿಕ್ಕಂತೆ, ಕೊಟ್ಟಷ್ಟು ಕೊಟ್ಟಂತೆ. ಸುಮಾರು ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಕೌಂಟರಿನಲ್ಲಿ ಯಾರಿಗೆ ಬೇಕಾದರೂ ಪ್ರತಿ ಕೊಡಲು ಆರಂಭಿಸಿದ ಮೇಲೆ ಪಹಣಿಗೆ ಲಂಚ ಎಂಬ ಮಾತು ಹೆಚ್ಚುಕಡಿಮೆ ನಿಂತೇ ಹೋಯಿತು. ಮ್ಯುಟೇಶನ್‌ಗೂ (ಖಾತೆ ಬದಲಾವಣೆಗೂ) ‘ಮೊದಲು ಬಂದದ್ದು ಮೊದಲು’ ಎಂಬ ನಿಯಮವನ್ನು ಯಂತ್ರವೇ ಕಾಯುವಂತೆ ಮಾಡಿದರು. ಮೇಲಿನ ಅರ್ಜಿಯನ್ನು ತೀರ್ಮಾನಿಸದೆ ಕೆಳಗಿನದನ್ನು ಎತ್ತಲು ಬರುತ್ತಿರಲಿಲ್ಲ. ಆದರೆ ಗಣಕದ ಒಳಗೆ ಹೋದ ಮೇಲಿನ ಶಿಸ್ತು ಅದು. ಪೋಡಿ (ಜಮೀನಿನ ವಿಭಜನೆ), ಅಳತೆ, ಸ್ಥಳ ತನಿಖೆಗಳಲ್ಲಿ ಮನುಷ್ಯ ಹೋಗಿ ನೋಡಿ ಬರೆಯಬೇಕು, ಹಳೆಯ ಮಾಮೂಲಿ ಅಲ್ಲಿಗೆ ಸ್ಥಳಾಂತರವಾಯಿತು.

ಸಕಾಲದ ಕಥೆಯೂ ಹೀಗೆಯೇ. 11 ಇಲಾಖೆಗಳ 151 ಸೇವೆಗಳಿಂದ ಆರಂಭವಾದಾಗ ನಾವೆಲ್ಲ ನಿಜವಾಗಿ ಹೆದರಿದ್ದೆವು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರನಿಗೆ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ. ಮೊತ್ತ ಚಿಕ್ಕದಾದರೂ ಸೇವಾ ದಾಖಲೆಯಲ್ಲಿ ಬೀಳುವ ಕಲೆಗೆ ಹೆದರಿಕೆ. ಆ ಹೆದರಿಕೆಯಿಂದ ತಪ್ಪಿಸಿಕೊಳ್ಳುವ ದಾರಿಗಳನ್ನೂ ನಾವು ಬೇಗ ಕಂಡುಕೊಂಡೆವು. ಅರ್ಜಿ ಪಡೆದು ಸಕಾಲ ಸಂಖ್ಯೆ ಕೊಡದೆ ‘ಮೊದಲು ಪರಿಶೀಲಿಸುತ್ತೇವೆ’ ಎನ್ನುವುದು ಒಂದು. ಗಡುವಿನ ಕೊನೆಯ ದಿನ ‘ದಾಖಲೆ ಅಪೂರ್ಣ’ ಎಂಬ ಎರಡು ಪದಗಳಲ್ಲಿ ತಿರಸ್ಕರಿಸಿ ಲೆಕ್ಕ ಸರಿಮಾಡುವುದು ಇನ್ನೊಂದು. ಇದರಲ್ಲಿ ನನ್ನ ಸಹಿಯೂ ಇದೆ, ಮುಚ್ಚಿಡುವುದಿಲ್ಲ.

ಆದ್ದರಿಂದ ನಿಮ್ಮ ಪಾಲು ಇಷ್ಟು: ಅರ್ಜಿ ಕೈಗೆ ಬಂದ ದಿನವೇ ಸಂಖ್ಯೆ ಕೊಡಿ, ಕೊರತೆಯಿದ್ದರೆ ಯಾವ ಕಾಗದ, ಯಾರ ಸಹಿ, ಎಲ್ಲಿ ಸಿಗುತ್ತದೆ ಎಂಬುದನ್ನು ಅವರ ಕನ್ನಡದಲ್ಲಿ ಬರೆದು ಒಂದು ವಾರದೊಳಗೆ ಹಿಂಬರಹ ಕಳುಹಿಸಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ, ಅದಕ್ಕೆ ಅವರು ಅರ್ಜಿ ಹಾಕಬೇಕಾಗಿಯೂ ಇಲ್ಲ. ಆ ಉಪವಿಧಿಯನ್ನು ಓದಿದ ಕಚೇರಿ ಸಿಬ್ಬಂದಿ ನನಗೆ ಹೆಚ್ಚು ಸಿಕ್ಕಿಲ್ಲ.

ಉತ್ತರ — ವಕೀಲ

ಹಿರಿಯರ ಮಾತನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಬರೆದು ಕೊಡದವನಿಗೆ ಏನೂ ಆಗುವುದಿಲ್ಲವೆಂದು ತಿಳಿದಿರುವ ಕಡೆ ಹಿಂಬರಹ ಒಳ್ಳೆಯ ಮನಸ್ಸಿನವರ ಹವ್ಯಾಸವಾಗಿ ಉಳಿಯುತ್ತದೆ.

ಲೋಕಾಯುಕ್ತ ಎಂಬ ಹೆಸರು ಹಳ್ಳಿಯವರ ಬಾಯಿಗೆ ಬಂದದ್ದು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಕಚೇರಿ ಕಚೇರಿಗೆ ದಿಢೀರನೆ ನುಗ್ಗಿ ನೌಕರರನ್ನು ಜನರೆದುರಿಗೇ ಪ್ರಶ್ನಿಸಿದಾಗ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಯೇ ರಾಜೀನಾಮೆ ನೀಡಬೇಕಾಯಿತು. ಆಗ ಹುಟ್ಟಿದ ನಂಬಿಕೆ ಎಷ್ಟು ಬೇಗ ಕರಗಿತು ನೋಡಿ. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಅಧಿಕಾರಿಗಳಿಂದ ಸುಲಿಗೆ ನಡೆಯುತ್ತಿದೆಯೆಂಬ ಆರೋಪ ಎದ್ದು, ಡಿಸೆಂಬರ್‌ನಲ್ಲಿ ಆಗಿನ ಲೋಕಾಯುಕ್ತರು ಸ್ಥಾನ ತೊರೆದರು. 2016ರ ಮಾರ್ಚ್‌ನಲ್ಲಿ ಸರ್ಕಾರ ತನ್ನ ಅಧೀನದಲ್ಲೇ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ಒಪ್ಪಿಸಿತು. ಯಾರ ಮೇಲೆ ತನಿಖೆ ಆಗಬಹುದೋ ಅವರ ಕೈಕೆಳಗೆ ತನಿಖೆ ಮಾಡುವವರು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಹಿಂದಿರುಗಿಸಿತು. ನಡುವಿನ ಆರು ವರ್ಷಗಳಲ್ಲಿ ದೂರು ಎಲ್ಲಿ ಕೊಡಬೇಕೆಂಬುದೇ ನನ್ನ ಕಕ್ಷಿದಾರರಿಗೆ ಗೊಂದಲವಾಗಿತ್ತು.

ಲಂಚ ಪಡೆಯುವಾಗಲೇ ಹಿಡಿಯುವ ಬಲೆ ಪ್ರಕರಣಗಳ ಗತಿಯನ್ನೂ ಹೇಳುತ್ತೇನೆ. ನೋಟಿಗೆ ಫಿನಾಫ್ತಲಿನ್ ಪುಡಿ ಹಚ್ಚುತ್ತಾರೆ, ಕೈ ತೊಳೆಸಿದಾಗ ಸೋಡಿಯಂ ಕಾರ್ಬೊನೇಟ್ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಜನರಿಗೆ ಕಾಣುವುದು ಅಷ್ಟೇ. ಆಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 19ರ ಅಡಿ ಅಭಿಯೋಜನೆಗೆ (ಮೊಕದ್ದಮೆ ಹೂಡಲು) ಮಂಜೂರಾತಿ ಬರಬೇಕು. 2018ರ ತಿದ್ದುಪಡಿಯಿಂದ ಸೇರಿದ ಕಲಂ 17ಎ ಪ್ರಕಾರ, ಅಧಿಕಾರಿ ಕರ್ತವ್ಯದಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಆರಂಭಿಸಲಿಕ್ಕೇ ಪೂರ್ವಾನುಮತಿ ಬೇಕು, ಸ್ಥಳದಲ್ಲೇ ಬಂಧಿಸುವ ಬಲೆ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ವಿಚಾರಣೆಗೆ ಬರುವ ವೇಳೆಗೆ ದೂರುದಾರನ ಕೆಲಸ ಎಂದೋ ಆಗಿರುತ್ತದೆ, ಅದೇ ಕಚೇರಿಗೆ ಮತ್ತೆ ಹೋಗಬೇಕಾದವನು ಕಟಕಟೆಯಲ್ಲಿ ‘ನೆನಪಿಲ್ಲ ಸ್ವಾಮಿ’ ಎನ್ನುತ್ತಾನೆ. ದೂರುದಾರ ತಿರುಗಿಬಿದ್ದರೂ ಸತ್ತರೂ ಸಾಂದರ್ಭಿಕ ಸಾಕ್ಷ್ಯದ ಮೇಲೆ ಅಪರಾಧ ಸಾಬೀತಾಗಬಹುದೆಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ಹೇಳಿದ ಮೇಲೆ ಸ್ವಲ್ಪ ಜೀವ ಬಂದಿದೆ.

ಪ್ರಶ್ನೆ ಕೇಳಿದವರಿಗೆ ಒಂದು ವೃತ್ತಿಪರ ಸಲಹೆ: ನೋಟುಗಳನ್ನು ಎಲ್ಲರೆದುರು ಹಿಂದಿರುಗಿಸಿದ್ದು ಸರಿ. ಅಂಥ ದಿನ ಮೇಲಧಿಕಾರಿಗೆ ಎರಡು ಸಾಲು ಬರೆದು ಕೊಟ್ಟಿರಿ. ಬೆಳಿಗ್ಗೆ ಕೈಯಲ್ಲಿರುವ ಸ್ವಂತ ಹಣವನ್ನು ನಗದು ಘೋಷಣಾ ವಹಿಯಲ್ಲಿ ತಪ್ಪದೆ ನಮೂದಿಸಿ. ದಾಳಿಯ ದಿನ ಮೊದಲು ತೆರೆಯುವುದು ಆ ವಹಿಯನ್ನೇ.

ಉತ್ತರ — ಕಾದು ನಿಂತವನು

ನಾನು ಕಾನೂನು ಬಲ್ಲವನಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಒಂದು ಕಚೇರಿಗೆ 14 ತಿಂಗಳು ತಿರುಗಿದೆ. ಪ್ರತಿ ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಎಂಟನೆಯ ತಿಂಗಳಲ್ಲಿ ಮಧ್ಯವರ್ತಿಯೊಬ್ಬನಿಗೆ 6,000 ರೂಪಾಯಿ ಕೊಟ್ಟೆ. ಒಳಗೆ ಮೂವರಿಗೆ ಹಂಚಬೇಕೆಂದು ಅವನು ಲೆಕ್ಕವನ್ನೂ ಒಪ್ಪಿಸಿದ. ಆಗಲೂ ಏನೂ ಆಗಲಿಲ್ಲ. ಕೊನೆಗೆ ಪರಿಚಯದ ಮೇಷ್ಟ್ರೊಬ್ಬರು ‘ಏಕೆ ಆಗಿಲ್ಲವೆಂದು ಲಿಖಿತವಾಗಿ ತಿಳಿಸಿ’ ಎಂದು ಅರ್ಜಿ ಬರೆಸಿದರು. ಒಂಬತ್ತನೆಯ ದಿನ ಹಿಂಬರಹ ಬಂತು: ವಂಶವೃಕ್ಷದಲ್ಲಿ ಹುಬ್ಬಳ್ಳಿಯಲ್ಲಿರುವ ನಮ್ಮಕ್ಕನ ಹೆಸರಿದೆ, ಅವರ ಒಪ್ಪಿಗೆ ಹೇಳಿಕೆ ಇಲ್ಲ.

ಅಷ್ಟೇ. ಕಾರಣ ನ್ಯಾಯವಾದದ್ದೇ ಆಗಿತ್ತು, ಹೆಣ್ಣುಮಕ್ಕಳ ಹಕ್ಕಿನ ವಿಷಯ, ನಾವೇ ಯೋಚಿಸಬೇಕಿತ್ತು. ಅಕ್ಕ ಬಸ್ಸು ಹತ್ತಿ ಬಂದು ಸಹಿ ಮಾಡಿ ಹೋದಳು. ಆ 6,000ದಲ್ಲಿ ಒಂದು ಪೈಸೆಯೂ ಒಳಗಿನವರಿಗೆ ತಲುಪಿರಲಿಲ್ಲವೆಂದು ಈಗ ನನಗೆ ಬಹುಮಟ್ಟಿಗೆ ಖಾತ್ರಿಯಾಗಿದೆ, ಆದರೆ 14 ತಿಂಗಳು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು ಆ ಕಚೇರಿಯವರೆಲ್ಲ ಕಳ್ಳರೆಂದು. ಅವರು ಕಳ್ಳರಾಗಿರಲಿಲ್ಲ, ಒಂದು ಸಾಲು ಬರೆಯಲಿಲ್ಲ ಅಷ್ಟೇ.

(ವಕೀಲರಿಗೆ: ಲಂಚ ಕೊಡುವುದೂ ಈಗ ಅಪರಾಧವೆಂದು, ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ತಿಳಿಸಬೇಕೆಂದು ನನಗೆ ಆಮೇಲೆ ಗೊತ್ತಾಯಿತು.)

ಉತ್ತರ — ಪ್ರೌಢಶಾಲಾ ಶಿಕ್ಷಕಿ

ಎಲ್ಲರೂ ಕೌಂಟರಿನ ಮಾತಾಡುತ್ತಿದ್ದೀರಿ. ಕೌಂಟರಿನ ಹಿಂದೆ ಕುಳಿತವರು ಅಲ್ಲಿಗೆ ಹೇಗೆ ಬಂದರೆಂಬುದನ್ನು ಬಿಡಬಾರದು. 545 ಪಿ.ಎಸ್.ಐ. (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆದು, ಉತ್ತರ ಪತ್ರಿಕೆಗಳನ್ನೇ ತಿದ್ದಿದ ಹಗರಣ ಹೊರಬಿದ್ದು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯ ಬಂಧನದವರೆಗೂ ಹೋಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಾಮಾಣಿಕವಾಗಿ ಬರೆದು ಆಯ್ಕೆಯಾಗಿದ್ದವನು ಆ ಎರಡು ವರ್ಷ ಊರಿನಲ್ಲಿ ತಲೆ ಎತ್ತಿ ಓಡಾಡಲಿಲ್ಲ. ಲಕ್ಷಗಳನ್ನು ಕೊಟ್ಟು ಬಂದವನು ಸಂಬಳದಲ್ಲಿ ತೃಪ್ತನಾಗಿ ಹಿಂಬರಹ ಬರೆಯುತ್ತಾ ಕುಳಿತಿರುತ್ತಾನೆಯೇ?

ವರ್ಗಾವಣೆಯದೂ ಇದೇ ಲೆಕ್ಕ. ನಮ್ಮ ಇಲಾಖೆಯಲ್ಲಿ 2007ರ ವರ್ಗಾವಣೆ ನಿಯಂತ್ರಣ ಕಾಯ್ದೆಗೆ ಮೊದಲು ಶಾಸಕರ ಪತ್ರ ಹಿಡಿದು ಬೆಂಗಳೂರಿಗೆ ಹೋಗುವುದು ಬೇಸಿಗೆ ರಜೆಯ ಕೆಲಸವೇ ಆಗಿತ್ತು. ಈಗ ಕೌನ್ಸೆಲಿಂಗ್‌ನಲ್ಲಿ ಖಾಲಿ ಹುದ್ದೆಗಳ ಪಟ್ಟಿ, ಆದ್ಯತೆಯ ಪಟ್ಟಿ ಎಲ್ಲರ ಕಣ್ಣೆದುರಿಗೆ ಇರುತ್ತದೆ. ನಿಯಮಗಳ ಬಗ್ಗೆ ಜಗಳ ಬೇಕಾದಷ್ಟಿದೆ, ವರ್ಷ ವರ್ಷವೂ ನ್ಯಾಯಾಲಯಕ್ಕೆ ಹೋಗುತ್ತೇವೆ. ಆದರೆ ನನ್ನ ಪಕ್ಕದ ಶಿಕ್ಷಕಿಗೆ ಆ ಶಾಲೆ ಹೇಗೆ ಸಿಕ್ಕಿತೆಂದು ನಾನು ಅನುಮಾನಿಸುವುದಿಲ್ಲ, ಕಾರಣವನ್ನು ಪರದೆಯ ಮೇಲೆ ನೋಡಿರುತ್ತೇನೆ. ಹಿರಿಯರು ಹೇಳಿದ ಹಿಂಬರಹದ ನ್ಯಾಯ ನೌಕರರಿಗೂ ಸಿಗಬೇಕೆಂದು ನನ್ನ ಮಾತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ವಕೀಲರು ಹೇಳಿದ್ದು ನನ್ನ ಕೈಮೀರಿದ್ದು, ಶಿಕ್ಷಕಿಯವರು ಹೇಳಿದ್ದು ಇನ್ನೂ ಮೇಲಿನದು. ಹಾಗಾಗಿ ಶಿರಸ್ತೇದಾರರ ಮಾತನ್ನು ಹಿಡಿದು ನನ್ನ ಮೇಜಿನ ಮೇಲಿದ್ದ ಕಡತಗಳನ್ನು ಎಣಿಸಿದೆ. 41 ಅರ್ಜಿಗಳು ಬಾಕಿ ಇದ್ದವು. 17ರಲ್ಲಿ ಏನೋ ಕೊರತೆಯಿತ್ತು, ಆದರೆ ಅರ್ಜಿದಾರರಿಗೆ ಏನನ್ನೂ ತಿಳಿಸಿರಲಿಲ್ಲ. ಆ ಹಿರಿಯರ ಅರ್ಜಿಯೂ ಅವುಗಳಲ್ಲೊಂದು. ನೋಟು ಹಿಂದಿರುಗಿಸಿ ನಾನು ದೊಡ್ಡವನಾದೆ, ಕಾಗದವನ್ನು ಮಾತ್ರ ಎರಡು ತಿಂಗಳು ಅಲ್ಲಿಯೇ ಬಿಟ್ಟಿದ್ದೆ. 17ಕ್ಕೂ ಹಿಂಬರಹ ಬರೆದು ಮಂಡಿಸಿದೆ. 12ಕ್ಕೆ ಸಹಿಯಾಯಿತು. ಉಳಿದ ಐದು ‘ಇದನ್ನೆಲ್ಲ ಬರೆದು ಕೊಡುವ ಅಗತ್ಯವೇನು, ಬಂದಾಗ ಹೇಳಿ’ ಎಂಬ ಮೌಖಿಕ ಸೂಚನೆಯೊಂದಿಗೆ ವಾಪಸು ಬಂದಿವೆ. ಶಿರಸ್ತೇದಾರರೇ, ಈ ಐದನ್ನು ಏನು ಮಾಡಲಿ?

ಉತ್ತರ — ನಿವೃತ್ತ ಶಿರಸ್ತೇದಾರ

ಜಗಳವಾಡಬೇಡಿ. ಟಿಪ್ಪಣಿ ಹಾಳೆಯಲ್ಲಿ ಪ್ರತಿ ಅರ್ಜಿಯ ಸಕಾಲ ಗಡುವಿನ ದಿನಾಂಕವನ್ನೂ 4(1)(ಡಿ)ಯನ್ನೂ ನಮೂದಿಸಿ, ‘ಹಿಂಬರಹ ಕೊಡುವ ಅಗತ್ಯವಿಲ್ಲವೆಂದಾದರೆ ದಯಮಾಡಿ ಆದೇಶಿಸುವುದು’ ಎಂದು ಬರೆದು ಮತ್ತೆ ಮಂಡಿಸಿ. ಬಾಯಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ಸಹಿ ಮಾಡಿ ಬರೆಯುವ ಅಧಿಕಾರಿಗಳು ನನ್ನ ಸೇವೆಯಲ್ಲಿ ಇಬ್ಬರೋ ಮೂವರೋ ಸಿಕ್ಕಿದ್ದರು. ಪುಟಗಳಿಗೆ ಕ್ರಮಸಂಖ್ಯೆ ಹಾಕುವುದನ್ನು ಮರೆಯಬೇಡಿ, ಹಾಳೆ ಕಾಣೆಯಾಗುವುದು ಅಲ್ಲಿಯೇ.